ಹುಣಸೂರಿನಲ್ಲಿ ನಾನು ಮನೆ ಕೊಡಿಸುತ್ತಿದ್ದಾಗ

ಮಹಾರಾಜರ ಕಾಲದಲ್ಲಿ ಹುಣಸೂರಿಗೆ ಬಂದು ಬಾಡಿಗೆ ಮನೆ ಬೇಕೆನ್ನುವವರು ಮೊದಲು ಹುಡುಕುತ್ತಿದ್ದದ್ದು ನನ್ನನ್ನು. ಹೈಸ್ಕೂಲು ಮುಗಿಸಿ, ಸರ್ಕಾರಿ ನೌಕರಿ ಸಿಗದೆ ಹಿಡಿದ ಕಸುಬು ಅದು. ಜನ ದಲ್ಲಾಳಿ ಎನ್ನುತ್ತಿದ್ದರು. ನಾನು ಮಾತ್ರ ಮನೆ ಕೊಡಿಸುವವನು ಎಂದು ಹೇಳಿಕೊಳ್ಳುತ್ತಿದ್ದೆ. ಪಿರಿಯಾಪಟ್ಟಣದಿಂದಲೋ ಹೆಗ್ಗಡದೇವನಕೋಟೆಯಿಂದಲೋ ವರ್ಗವಾಗಿ ಬಂದ ಗುಮಾಸ್ತರು, ಮೇಷ್ಟರುಗಳು ಪಾತ್ರೆಪಗಡೆ ಹೇರಿದ ಗಾಡಿಯನ್ನು ನೇರ ನನ್ನ ಬಾಗಿಲಿಗೇ ಹೊಡೆಸುತ್ತಿದ್ದರು. ಸಂಜೆಯೊಳಗೆ ಅವರ ಒಲೆ ಉರಿಯುವಂತೆ ಮಾಡುತ್ತಿದ್ದೆ. ಯಾರ ಬಾವಿ ಬೇಸಿಗೆಯಲ್ಲಿ ಬತ್ತುತ್ತದೆ, ಯಾರ ಅಡುಗೆಮನೆಯಲ್ಲಿ ಹೊಗೆ ಹೋಗಲು ದಾರಿಯಿಲ್ಲ, ಯಾವ ಯಜಮಾನರು ಮಾಂಸ ಬೇಯಿಸುವವರಿಗೆ ಮನೆ ಕೊಡುವುದಿಲ್ಲ, ಎಲ್ಲ ನನಗೆ ಗೊತ್ತಿತ್ತು. ಈಗಲೂ ಅದನ್ನು ನೆನೆದರೆ ಬೆನ್ನು ನೆಟ್ಟಗಾಗುತ್ತದೆ.

ಆ ಕಸುಬಿನಲ್ಲಿ ನಾನೇ ಮಾಡಿಕೊಂಡ ಒಂದು ಕಟ್ಟಳೆಯಿತ್ತು. ಮನೆಯವರೂ ಬಾಡಿಗೆಯವರೂ ಎದುರುಬದುರು ಮಾತಾಡಬಾರದು. ಮಾತಾಡಿದರೆ ಜಗಳ ಹುಟ್ಟುತ್ತದೆ ಎಂದು ಇಬ್ಬರನ್ನೂ ನಂಬಿಸಿದ್ದೆ. ಅವರೇ ಮಾತಾಡಿಕೊಂಡರೆ ನಾನು ಯಾರಿಗೂ ಬೇಡವಾಗುತ್ತೇನೆ ಎಂಬುದು ನಿಜವಾದ ಕಾರಣ.

ಗಾಡಿ ಮಾಡುವ ಕಾರ್ಖಾನೆಯಿದ್ದ ಒಬ್ಬ ಸಾಹೇಬರು ತೀರಿಕೊಂಡ ಮೇಲೆ ಅವರ ಹೆಂಡತಿ ತಮ್ಮ ಪಕ್ಕದ ಮನೆಯನ್ನು ನನ್ನ ಮೂಲಕ ಬಾಡಿಗೆಗೆ ಕೊಟ್ಟಿದ್ದರು. ಅವರು ಗೋಷಾದವರು. ಬಾಗಿಲಿಗೆ ಇಳಿಬಿಟ್ಟ ಪರದೆಯ ಆಚೆ ಅವರು, ಈಚೆ ಜಗಲಿಯಲ್ಲಿ ನಾನು. ನಮ್ಮ ವ್ಯವಹಾರವೆಲ್ಲ ಹಾಗೆಯೇ ನಡೆಯುತ್ತಿತ್ತು. ಆ ಮನೆಗೆ ನಾನು ತಂದಿಟ್ಟದ್ದು ಎಡತೊರೆ ಕಡೆಯ ಒಬ್ಬ ಗುಮಾಸ್ತರನ್ನು, ಅವರ ಹೆಂಡತಿಯನ್ನು. ಒಕ್ಕಲು ಮನೆತನದ, ಮೆತ್ತಗಿನ ಜನ.

ಒಂದು ವರ್ಷವಾದ ಮೇಲೆ ಗೋಷಾದ ಆ ತಾಯಿಯ ಮಗನಿಗೆ ಮದುವೆ ಗೊತ್ತಾಯಿತು. ನೆಂಟರನ್ನು ಇಳಿಸಲು ಪಕ್ಕದ ಮನೆ ಬೇಕು, ಬಿಡಿಸಿಕೊಡು ಎಂದರು. ನಾನು ಗುಮಾಸ್ತರಿಗೆ ಹೇಳಿದೆ. ಅವರ ಮುಖ ಬಿಳಿಚಿಕೊಂಡಿತು.

“ಅಣ್ಣಾ, ಇವ್ಳು ತುಂಬಿದ ಬಸುರಿ ಕಣಣ್ಣಾ. ಇಂದೆ ಎರಡು ಬಸುರು ನಿಲ್ನಿಲ್ಲ. ಎದ್ದು ಓಡಾಡ್ಬೇಡ, ಗಾಡಿ ಅತ್ಬೇಡ ಅಂತ ಸೂಲಗಿತ್ತಿ ಏಳವ್ಳೆ. ತವರಲ್ಲಿ ಅವ್ವನೂ ಇಲ್ಲ. ಎರಿಗೆ ಆಗೋಗಂಟ ಬುಡಿ ಅಂತ ಆ ತಾಯಿಗೆ ಒಂದ್ ಮಾತು ಏಳಿ.”

“ಕೇಳ್ತೀನಿ” ಎಂದೆ. ಕೇಳಲಿಲ್ಲ. ಗುಮಾಸ್ತರಿಗೆ ಬೇರೆ ಬೀದಿಯಲ್ಲಿ ಒಂದು ಮನೆ ನೋಡಿಟ್ಟು, ಅದರ ಯಜಮಾನರಿಗೆ ಮಾತು ಕೊಟ್ಟಾಗಿತ್ತು. ಮಾತು ತಪ್ಪಿದರೆ ನನ್ನ ಹೆಸರು ಹೋಗುತ್ತಿತ್ತು. ಮಾರನೆಯ ದಿನ ಗುಮಾಸ್ತರಿಗೆ, “ಆಯಮ್ಮ ಒಪ್ನಿಲ್ಲ” ಎಂದುಬಿಟ್ಟೆ. “ನಾನೇ ಓಗಿ ಕೇಳ್ಲಾ?” ಎಂದರು. “ಅದು ಗೋಷಾ ಮನೆ, ನೀವು ಕಾಲಿಟ್ರೆ ರಂಪ ಆಯ್ತದೆ” ಎಂದು ಹೆದರಿಸಿದೆ.

ಗೋಷಾ ಇರುವುದು ಗಂಡಸರಿಗೆ. ಹೆಂಗಸು ಪರದೆ ಸರಿಸಿ ಸೀದಾ ಒಳಗೆ ಹೋಗಬಹುದು. ಊರಿನ ಮನೆಗಳ ಒಳಹೊರಗೆಲ್ಲ ಬಲ್ಲ ನನಗೆ ಅಷ್ಟು ಹೊಳೆದಿರಲಿಲ್ಲ.

ಎರಡು ದಿನ ಬಿಟ್ಟು ಜಗಲಿಯಲ್ಲಿ ಕೂತು ಎಂದಿನ ಗತ್ತಿನಲ್ಲಿ ಶುರು ಮಾಡಿದೆ. “ಅಮ್ಮಾವ್ರೇ, ಗುಮಾಸ್ತರದೇನೂ ತಕರಾರಿಲ್ಲ. ಖುಷಿಯಾಗೇ ಓಯ್ತಾರೆ.”

ಪರದೆಯ ಹಿಂದಿನಿಂದ ಆ ತಾಯಿ, “ಇನ್ನೊಂದ್ಸಲ ಹೇಳಪ್ಪ, ಇವಳೂ ಕೇಳ್ಲಿ” ಎಂದರು.

“ಅಣ್ಣಾ, ಖುಷಿಯಾಗಿ ಓಯ್ತೀನಿ ಅಂತ ನಾನ್ಯಾವಾಗ ಅಂದೆ?” ಗುಮಾಸ್ತರ ಹೆಂಡತಿಯ ದನಿ!

“ಪರದೆ ಹಾಕಿರೋದು ನನ್ನ ಮುಖಕ್ಕೆ ಕಣಯ್ಯಾ. ನೀನು ಕಿವಿಗೂ ಹಾಕ್ಬಿಟ್ಟೆಯಲ್ಲ!” ಎಂದರು ಆ ತಾಯಿ. “ಬಸುರಿ ಹೆಂಗ್ಸನ್ನ ಹೊರಗೆ ಹಾಕಿ ಮಗನ ಮದುವೆ ಮಾಡ್ಲಾ ನಾನು? ಅವಳು ಎಲ್ಲೂ ಹೋಗಲ್ಲ. ನನ್ನ ನೆಂಟರನ್ನ ಎಲ್ಲಿ ಮಲಗಿಸ್ಲಿ, ಅದನ್ನ ಹೇಳು. ಊರಲ್ಲಿರೋ ಖಾಲಿ ಮನೆ ಬೀಗದ ಕೈಯೆಲ್ಲ ನಿನ್ನ ಹತ್ರವೇ ಇದಾವಲ್ಲ?”

ಬೀಗದ ಕೈ ನನ್ನ ಹತ್ತಿರವಿದ್ದರೂ ಮನೆ ನನ್ನದಲ್ಲ. ಯಜಮಾನರನ್ನು ಕೇಳಬೇಕು. ಈ ಸಲ ಮನೆ ಬೇಕಾದವರ ಬಾಯಿಂದಲೇ ಕೇಳಿಸೋಣವೆಂದು ಆ ತಾಯಿಯ ಮಗನನ್ನು ಜೊತೆಗೆ ಕರೆದುಕೊಂಡು ಹೊರಟೆ. ಮೊದಲು ಹೋದದ್ದು ಬೆಟ್ಟದಪುರದ ಗೌಡರ ಹತ್ತಿರ. ಜಮೀನು ಅಲ್ಲಿ, ಬಾಡಿಗೆ ಮನೆಗಳು ಹುಣಸೂರಿನಲ್ಲಿ. ನಮ್ಮಿಬ್ಬರನ್ನು ಕಂಡು ಅವರು ನಕ್ಕರು.

“ಏನ್ಲಾ, ಇಷ್ಟ್ ವರ್ಸದಿಂದ ನನ್ ಮನೇಲಿ ಇರೋರ ಮಕ ಒಂದ್ ದಿನ ತೋರಿಸ್ನಿಲ್ಲ. ಇವತ್ತೇನು ಮೆರವಣಿಗೆ ತಂದಿದ್ದೀಯ?”

ಹುಡುಗ ತಾನೇ ಮಾತಾಡಿದ. “ಅಡ್ಗೆ ಎಲ್ಲ ನಮ್ಮ ಚಪ್ಪರದಲ್ಲೇ ಗೌಡ್ರೇ. ನೆಂಟ್ರಿಗೆ ಮಲಗೋಕೆ ಜಾಗ ಸಾಕು. ಬಾಡಿಗೆ ಎಷ್ಟಾದ್ರೂ ಕೊಡ್ತೀವಿ.”

“ಮದ್ವೆ ನೆಂಟ್ರಿಗೆ ಬಾಡಿಗೆ ಈಸ್ಕೊಳ್ಳೋಷ್ಟು ಬಡವ ಆಗಿಲ್ಲ ಬುಡು. ಈ ದಲ್ಲಾಳಿಗೂ ಏನೂ ಕೊಡ್ಬ್ಯಾಡ!”

ಹೀಗೆ ಒಂದೊಂದೇ ಬಾಗಿಲು ತಟ್ಟಿದೆವು. ಇಬ್ಬರು ಆಗುವುದಿಲ್ಲ ಎಂದರೂ ಉಳಿದವರು ಒಪ್ಪಿದರು. ನಾನೇ ಗುಡಿಸಿ, ನೀರು ತುಂಬಿಸಿ, ಚಾಪೆ ಹಾಸಿದೆ. ಗುಮಾಸ್ತರನ್ನು ತಂದಿಡುತ್ತೇನೆಂದು ಮಾತು ಕೊಟ್ಟಿದ್ದ ಆ ಇನ್ನೊಬ್ಬ ಯಜಮಾನರ ಮುಂದೆ ನಿಂತು ಬೈಗುಳ ತಿಂದೆ. ಅವರು ಮತ್ತೆಂದೂ ನನಗೆ ಮನೆ ಒಪ್ಪಿಸಲಿಲ್ಲ. ಮದುವೆಯ ನೆಂಟರು ಮಾತ್ರ ಒಬ್ಬರೂ ಬಯಲಲ್ಲಿ ಮಲಗಲಿಲ್ಲ. ದಲ್ಲಾಳಿಯಾಗಿ ಅಷ್ಟು ಚೆನ್ನಾಗಿ ನಾನು ಯಾವತ್ತೂ ಕೆಲಸ ಮಾಡಿರಲಿಲ್ಲ.

ಅಲ್ಲಿಂದಾಚೆಗೆ ಯಜಮಾನರನ್ನೂ ಬಾಡಿಗೆಯವರನ್ನೂ ಒಂದೇ ಚಾಪೆಯ ಮೇಲೆ ಕೂರಿಸಿ ಮಾತಾಡಿಸದೆ ಯಾರಿಗೂ ಬಾಗಿಲು ತೆಗೆದುಕೊಡಲಿಲ್ಲ. ಎಷ್ಟೋ ಜನ ಆಮೇಲೆ ತಾವು ತಾವೇ ಹೊಂದಿಕೊಂಡು ನನ್ನನ್ನು ಮರೆತರು. ಕೆಲಸ ಕಡಿಮೆಯಾಯಿತು. ನಾನು ಕೊಡಿಸಿದ ಮನೆಯ ಜಗಳ ಕಚೇರಿ ಮೆಟ್ಟಿಲು ಹತ್ತಲಿಲ್ಲ ಎಂದು ಇವತ್ತಿಗೂ ಎದೆ ತಟ್ಟಿ ಹೇಳಬಲ್ಲೆ.

ಗುಮಾಸ್ತರ ಹೆಂಡತಿಗೆ ಅದೇ ಮನೆಯಲ್ಲಿ ಹೆಣ್ಣುಮಗು ಹುಟ್ಟಿತು. ನಾಮಕರಣಕ್ಕೆ ನನ್ನನ್ನೂ ಕರೆದರು. ಎಡತೊರೆಯಿಂದ ಬಂದ ನೆಂಟರೊಬ್ಬರು, “ಮನೆ ಚೆನ್ನಾಗದೆ, ಯಾರು ಕೊಡ್ಸುದ್ರು?” ಎಂದರು. ಗುಮಾಸ್ತರು ನನ್ನ ಕಡೆ ನೋಡದೆ, “ಪಕ್ಕದ ಮನೆ ತಾಯಿ ಕೊಟ್ಟಿದ್ದು” ಎಂದರು. ನಾನು ತಲೆ ತಗ್ಗಿಸಿ ಎಲೆಯ ಮೇಲಿನ ಪಾಯಸ ಕಲಸುತ್ತ ಕೂತೆ. ಒಳಗಿನಿಂದ ಬಾಣಂತಿ ಕೂಗಿ ಹೇಳಿದಳು: “ಕೊಟ್ಟಿದ್ದು ಅವ್ರು ಕಣ್ರೀ, ಕರ್ಕೊಂಡ್ ಬಂದಿದ್ದು ಇವ್ರೇ. ಅಣ್ಣನ ಎಲೆಗೆ ಇನ್ನೊಂಚೂರು ಬಡ್ಸಿ.”

ಬಡಿಸಿದ್ದನ್ನು ಬೇಡ ಎನ್ನುವ ಧೈರ್ಯವಾಗದೆ ಉಂಡೆ.