ಹ್ಯಾರೋದ ಮನೆಯಲ್ಲಿ ಅಮೆರಿಕದ ಒಂದು ಓಟು

2008ರ ಅಕ್ಟೋಬರಿನಲ್ಲಿ ಅಮೆರಿಕದ ಅಧ್ಯಕ್ಷರನ್ನು ಆರಿಸುವ ಜವಾಬ್ದಾರಿ ಲಂಡನ್ನಿನ ಹ್ಯಾರೋದಲ್ಲಿದ್ದ ನಮ್ಮ ಮನೆಗೆ ಬಂತು. ಓಟು ಇದ್ದದ್ದು ಮೈದುನನಿಗೆ ಮಾತ್ರ. ಅವನು ಹಲವು ವರ್ಷ ಅಮೆರಿಕದಲ್ಲಿದ್ದು, ಅಲ್ಲಿನ ಪೌರತ್ವ ಪಡೆದು, ಕೆಲಸದ ಮೇಲೆ ಲಂಡನ್ನಿಗೆ ಬಂದು ಇಲ್ಫರ್ಡಿನಲ್ಲಿ ಮನೆ ಮಾಡಿದ್ದ. ಮತಪತ್ರ ಅಂಚೆಯಲ್ಲಿ ಬಂದಿತ್ತು. ಧಾರವಾಡದ ನಮ್ಮವರಲ್ಲಿ ಒಬ್ಬನ ವಿಷಯವನ್ನು ಒಬ್ಬನೇ ನಿರ್ಧರಿಸುವ ಪದ್ಧತಿ ಇಲ್ಲ. ಭಾನುವಾರ ಅವನು ಅದನ್ನು ಹಿಡಿದುಕೊಂಡು ನಮ್ಮಲ್ಲಿಗೆ ಬಂದ. ನಾನು ಮಿರ್ಚಿಭಜಿಗೆ ಎಣ್ಣೆ ಇಟ್ಟೆ.

ಅಭ್ಯರ್ಥಿಗಳಲ್ಲಿ ಒಬ್ಬರು ಹಿರಿಯರು, ಸೈನ್ಯವನ್ನೂ ಶಾಸನಸಭೆಯನ್ನೂ ಬಲ್ಲವರು. ನಡೆಯುತ್ತಿದ್ದ ಯುದ್ಧವನ್ನು ಗೆಲ್ಲುವವರೆಗೂ ಬಿಡಬಾರದು ಎನ್ನುವವರು. ಇನ್ನೊಬ್ಬರು ಹೊಸಬರು, ಆ ಯುದ್ಧವೇ ತಪ್ಪು, ವೈರಿಯ ಜೊತೆಗೂ ಕೂತು ಮಾತಾಡಬೇಕು ಎನ್ನುವವರು. ಮೈದುನನಿಗೆ ಒಬ್ಬರ ಅನುಭವ, ಇನ್ನೊಬ್ಬರ ವಿದೇಶಾಂಗ ನೀತಿ ಬೇಕಿತ್ತು. ಮತಪತ್ರದಲ್ಲಿ ಅಂಥ ಅನುಕೂಲ ಇರಲಿಲ್ಲ.

ನನಗೆ ಯುದ್ಧ ನಿಲ್ಲಬೇಕಿತ್ತು. ಕೆಲವು ವರ್ಷಗಳ ಹಿಂದೆ, ಆ ಯುದ್ಧಕ್ಕೆ ಸೇಡೆಂದು ಹೇಳಿ ಕೆಲವರು ಈ ಊರಿನ ನೆಲದಡಿಯ ರೈಲುಗಳಲ್ಲಿ ಬಾಂಬು ಸಿಡಿಸಿದ ಬೆಳಿಗ್ಗೆ ನಾನೂ ಅಂಥ ಒಂದು ರೈಲಿನಲ್ಲಿ ಸುರಂಗದಲ್ಲಿದ್ದೆ. ಈಗಲೂ ಕಣ್ಣು ಮುಚ್ಚಿದರೆ ದೀಪ ಆರುತ್ತದೆ. ಕಣ್ಣು ತೆರೆದಿದ್ದರೂ ಕೆಲವೊಮ್ಮೆ ಆರುತ್ತದೆ. ಅದು ನಮ್ಮ ಅಡುಗೆಮನೆಯ ಬಲ್ಬಿನ ದೋಷವೂ ಇರಬಹುದು.

"ಅನುಭವ ಇಲ್ಲದ ಡಾಕ್ಟರ ಕಡೆ ಹೊಟ್ಟಿ ಕೊಯ್ಸಿಕೋತೀಯೇನಲೇ?" ಎಂದರು ನನ್ನ ಗಂಡ, ತಮ್ಮನಿಗೆ.

"ಬ್ಯಾನಿ ಇಲ್ಲದಾಂವನ ಹೊಟ್ಟಿನೂ ಕೊಯ್ಯೋ ಡಾಕ್ಟರಾದ್ರ, ಅವನ ಅನುಭವ ತಗೊಂಡು ಏನ್ ಮಾಡ್ಲೋ ಅಣ್ಣಾ?"

ಊರಿನಿಂದ ಬಂದಿದ್ದ ಅತ್ತೆ ವರ ನೋಡುವ ಕ್ರಮದಲ್ಲಿ ಹೊರಟರು. ವಯಸ್ಸು, ಓದು, ಮನೆತನ ವಿಚಾರಿಸಿದರು. ಪೇಪರಿನ ಫೋಟೋಗಳನ್ನು ಕನ್ನಡಕ ಒರೆಸಿಕೊಂಡು ನೋಡಿದರು.

"ನೌಕರಿ ಎಷ್ಟು ವರ್ಷ ಮಾಡ್ಯಾನ ಅನ್ನೂದು ಬಿಡ್ರೋ. ಬೀಗರು ಜಗಳಕ್ಕ ಬಂದ್ರ ಮಾತಾಡಿ ಕಳಸ್ತಾನೋ, ಬಡಿಯಾಕ ಬಡಿಗಿ ತಗೀತಾನೋ? ಅದನ್ನ ಕೇಳ್ರಿ."

"ಅವ್ವಾ, ಇದು ಲಗ್ನ ಅಲ್ಲ," ಎಂದ ಮೈದುನ.

"ಲಗ್ನ ಆಗಿದ್ರ ಬಿಡಿಸ್ಕೊಂಡರ ಬರಬಹುದಿತ್ತು. ಇದು ನಾಕ್ ವರ್ಷ."

ಮೈದುನ ನನ್ನತ್ತ ತಿರುಗಿದ. "ವೈನಿ, ನೀವು ಹೇಳ್ರಿ. ಸುಮ್ನ ಭಜಿ ನೀಡಕೋತ ಹೊಂಟೀರಿ."

ಹೇಳಿದೆ. ಆ ಬೆಳಿಗ್ಗೆ ಸುರಂಗದಲ್ಲಿ ರೈಲು ನಿಂತು ಹೊಗೆ ಬಂದಾಗ ನಮ್ಮ ಡಬ್ಬಿಯಲ್ಲಿ ವಯಸ್ಸಾದ ಒಬ್ಬರು ಎದ್ದು ನಿಂತರು. ಕೆಲಸಕ್ಕೆ ಸೇರಿದಂದಿನಿಂದ ಆ ಮಾರ್ಗದಲ್ಲೇ ಓಡಾಡಿದವರಂತೆ. ಕರೆಂಟು ಹೋಗಿದೆ, ಇಂಥದ್ದನ್ನು ಬೇಕಾದಷ್ಟು ಸಲ ನೋಡಿದ್ದೇನೆ, ಎಲ್ಲರೂ ಕೂತಿರಿ ಎಂದರು. ದನಿ ಅಷ್ಟು ಚೆನ್ನಾಗಿತ್ತು, ಕೂತೆವು. ಮೂಲೆಯಲ್ಲಿದ್ದ ಒಬ್ಬ ಹುಡುಗಿ, ಊರಿಗೆ ಹೊಸಬಳು, ಇದು ವಯರು ಸುಟ್ಟ ವಾಸನೆಯಲ್ಲ, ಹಿಂದಿನ ಬಾಗಿಲಿನಿಂದ ಇಳಿಯೋಣ ಎಂದಳು. ಅವಳ ಮಾತು ಕೇಳಲು ನಮಗೆ ಬಹಳ ಹೊತ್ತು ಬೇಕಾಯಿತು. ಆ ಹಿರಿಯರು ಸುಳ್ಳು ಹೇಳಿರಲಿಲ್ಲ. ಅವರ ಅನುಭವದಲ್ಲಿ ಬಾಂಬು ಇರಲಿಲ್ಲ, ಅಷ್ಟೆ.

ನಾನು ಆ ರೈಲಿನಲ್ಲಿದ್ದದ್ದು ಗಂಡನಿಗೆ ಗೊತ್ತಿತ್ತು. ಹೊಗೆಯಲ್ಲಿ ಕೈಕಟ್ಟಿ ಕೂತಿದ್ದದ್ದು ಗೊತ್ತಿರಲಿಲ್ಲ.

"ಯುದ್ಧ ನಿಂತ್ರ ಬಾಂಬ್ ನಿಲ್ತಾವೇನು?" ಎಂದು ಅವರು ಭಜಿಯ ತಟ್ಟೆ ಪಕ್ಕಕ್ಕಿಟ್ಟು ಕೇಳಿದರು. ವಾದದ ದನಿಯಲ್ಲಲ್ಲ.

"ಗೊತ್ತಿಲ್ರಿ. ಮದಲ ಮಾತಾಡೂಣು ಅಂತ ಒಬ್ಬರರ ಅಂತಾರಲ್ಲ, ಅವರಿಗೆ ಹಾಕ್ಲಿ ಅಂತೀನಿ."

ಮೈದುನ ಪೆನ್ನು ತೆಗೆದ. ಅಣ್ಣನಿಗೆ ಕಾಣದಂತೆ ಅಂಗೈ ಅಡ್ಡ ಹಿಡಿದು ಗುರುತು ಹಾಕಿ, ನನ್ನ ಕಡೆ ಮಾತ್ರ ತುಸು ವಾಲಿಸಿದ. ಹೊಸಬರಿಗೆ ಹಾಕಿದ್ದ. ಆಮೇಲೆ ಲಕೋಟೆ ಅಂಟಿಸುತ್ತ, ಅಮೆರಿಕದಲ್ಲಿ ತಾನಿದ್ದ ರಾಜ್ಯದಲ್ಲಿ ಯಾವ ಪಕ್ಷ ಗೆಲ್ಲುತ್ತದೆಂದು ಎಲ್ಲರಿಗೂ ಗೊತ್ತೇ ಇದೆ, ಈ ಒಂದು ಓಟಿನಿಂದ ಅಲ್ಲೇನೂ ಆಗುವುದಿಲ್ಲ ಎಂದ.

"ಇದನ್ನ ಮದಲ ಹೇಳಿದ್ರ ಎಣ್ಣಿ ಉಳೀತಿತ್ತಲ್ಲೋ," ಎಂದರು ಅತ್ತೆ.

ಗಂಡನ ಕಿವಿಗೆ ಇದಾವುದೂ ಬಿದ್ದಂತಿರಲಿಲ್ಲ.

"ಆ ಕೂಡ್ರಿ ಅಂದಾಂವ," ಎಂದರು, "ಹೊರಗ ಬಂದ್ನೇನು?"

"ಬಂದ್ರು. ಎಲ್ಲಾರಕಿಂತ ಹಿಂದ. ಹಳಿ ಮ್ಯಾಲೆ ಕಾಲು ಹೆಂಗಿಡಬೇಕು, ಯಾವ ಕಡೆ ಗ್ವಾಡಿ ಹಿಡೀಬೇಕು, ಸ್ಟೇಶನ್ ಇನ್ನ ಎಷ್ಟ ದೂರ, ಎಲ್ಲಾ ಹೇಳಕೋತ ಬಂದ್ರು. ಅವರಿಲ್ಲದಿದ್ರ ಆ ಕತ್ತಲ್ಯಾಗ ನಾವು ಬೀಳ್ತಿದ್ವಿ."

"ಹಂಗಾರ ಅನುಭವನೂ ಬೇಕಾತಲ್ಲ," ಎಂದು ಗಂಡ ತಮ್ಮನ ಕೈಯಲ್ಲಿದ್ದ ಲಕೋಟೆ ನೋಡಿದರು. ಅದರ ಅಂಟು ಆಗಲೇ ಒಣಗಿತ್ತು.