ಉಪಾಧ್ಯಕ್ಷರಿಗೆ ಬೀಳದ ಒಂದು ಮತ

ನಾನು ಪುರಸಭೆಯ ಸದಸ್ಯೆಯಾದದ್ದು ಆಸೆಪಟ್ಟು ಅಲ್ಲ. ನಮ್ಮ ವಾರ್ಡು ಮಹಿಳೆಗೆ ಮೀಸಲಾಯಿತು, ಯಜಮಾನರು ನನ್ನನ್ನು ನಿಲ್ಲಿಸಿದರು, ಗೆದ್ದೆ. ಮೊದಲ ಸಭೆಯಲ್ಲಿ ಠರಾವಿನ ಪುಸ್ತಕ ಮುಂದೆ ಬಂದ ಕೂಡಲೇ ಪೆನ್ನು ತೆಗೆದೆ. ಪಕ್ಕದಲ್ಲಿದ್ದ ಉಪಾಧ್ಯಕ್ಷರು, ಓದಿ ಸಹಿ ಮಾಡಬೇಕೆಂದು ಮೆಲ್ಲಗೆ ಹೇಳಿದರು. ಯಾವ ಅರ್ಜಿ ಯಾವ ಟೇಬಲ್ಲಿಗೆ ಹೋಗಬೇಕು ಎಂಬುದನ್ನೂ ಮುಂದೆ ಅವರಿಂದಲೇ ಕಲಿತೆ.

ಅವರು ದಲಿತರ ಓಣಿಯವರು. ತಂದೆ ಇದೇ ಪುರಸಭೆಯಲ್ಲಿ ಗಟಾರ ಬಳಿಯುತ್ತಿದ್ದರು. ಇವರು ಬಸ್ ಸ್ಟ್ಯಾಂಡಿನ ಹತ್ತಿರ ಸೈಕಲ್ ರಿಪೇರಿ ಅಂಗಡಿ ಇಟ್ಟುಕೊಂಡೇ ಮೂರು ಸಲ ಆರಿಸಿ ಬಂದಿದ್ದರು. ಯರಗಟ್ಟಿ ಬಸ್ಸಿಗೆ ಕಾಯುವವರು ಅಲ್ಲೇ ನಿಂತು ತಮ್ಮ ದೂರು ಹೇಳಿಕೊಳ್ಳುತ್ತಿದ್ದರು.

ಮೂರನೆಯ ವರ್ಷ ಅಧ್ಯಕ್ಷರು ಎದೆನೋವಿನಿಂದ ತೀರಿಕೊಂಡರು. ಅಧ್ಯಕ್ಷ ಸ್ಥಾನದ ಪ್ರಭಾರ ಉಪಾಧ್ಯಕ್ಷರಿಗೆ ಬಂತು. ಅವರು ಅಧ್ಯಕ್ಷರ ಕುರ್ಚಿಯಲ್ಲಿ ಕೂರಲಿಲ್ಲ, ತಮ್ಮ ಜಾಗದಿಂದಲೇ ಸಭೆ ನಡೆಸಿದರು. ಆದರೂ ಎರಡನೆಯ ಸಭೆಗೆ ಅರ್ಧ ಜನ ಬರಲಿಲ್ಲ. ಸ್ಥಾನ ಸಾಮಾನ್ಯ ವರ್ಗದ್ದು, ಮೀಸಲು ವಾರ್ಡಿನಿಂದ ಬಂದವರಿಗೆ ಯಾಕೆ ಎಂಬ ಮಾತು ಹುಟ್ಟಿದ್ದು ನಮ್ಮ ಪಡಸಾಲೆಯಲ್ಲಿ. ಅಲ್ಲಿ ಕೂತವರಿಗೆ ಚಹಾ ಕೊಟ್ಟವಳು ನಾನೇ.

ಹೊಸ ಅಧ್ಯಕ್ಷರ ಚುನಾವಣೆ ನಿಗದಿಯಾದಾಗ ಉಪಾಧ್ಯಕ್ಷರು ನಮ್ಮ ಮನೆಗೆ ಬಂದರು. ಹೊರಗೆ ಕಟ್ಟೆಯ ಮೇಲೇ ಕುಳಿತರು. ಒಳಗೆ ಬನ್ನಿ ಎಂದು ನಾನೂ ಕರೆಯಲಿಲ್ಲ. ಗೆಲ್ಲಲು ಒಂದು ಮತ ಕಡಿಮೆ ಬೀಳುತ್ತದೆ ಎಂದರು. ಕೊಡುತ್ತೇನೆ ಎಂದೆ.

ಚುನಾವಣೆಯ ಹಿಂದಿನ ದಿನ, ಯಜಮಾನರು ಸೇರಿದ್ದ ವಿರೋಧಿ ಗುಂಪು, ನನ್ನನ್ನೂ ಸೇರಿಸಿ ತನ್ನ ಕಡೆಯ ಸದಸ್ಯರನ್ನೆಲ್ಲ ನವಿಲುತೀರ್ಥದ ಆಚೆ ಒಂದು ತೋಟದ ಮನೆಗೆ ಕರೆದೊಯ್ದಿತು. ಫೋನು ಇಸಿದುಕೊಂಡರು. ಜೊತೆಗೆ ಬಂದಿದ್ದ ಯಜಮಾನರಿಗೆ, ನಾನು ಮಾತು ಕೊಟ್ಟಿದ್ದೇನೆಂದು ಹೇಳಿದೆ.

"ನಾಳೆ ನಮ್ಮವರಿಗೆ ಕೈ ಎತ್ತು, ಅಷ್ಟ ಸಾಕು," ಎಂದರು. "ಇಲ್ಲಾಂದ್ರ ತವರಮನಿ ದಾರಿ ಗೊತ್ತೈತಿ ನಿನಗ."

ಮರುದಿನ ಸಭೆಯಲ್ಲಿ ಅಧಿಕಾರಿ ಮೊದಲು ಉಪಾಧ್ಯಕ್ಷರ ಹೆಸರು ಓದಿದರು. ನಾನು ಸೆರಗಿನೊಳಗೆ ಕೈ ಬಿಗಿಹಿಡಿದು ಕುಳಿತೆ. ಎರಡನೆಯ ಹೆಸರಿಗೆ ಎತ್ತಿದೆ. ಉಪಾಧ್ಯಕ್ಷರು ಒಂದೇ ಮತದಿಂದ ಸೋತರು. ನನ್ನ ಕಡೆ ನೋಡಲಿಲ್ಲ.

ಚುನಾವಣಾ ಸಭೆಯ ನೋಟಿಸು ನಿಯಮದಂತೆ ಕೊಟ್ಟಿಲ್ಲವೆಂದು ಅವರು ಕೋರ್ಟಿಗೆ ಹೋದರು. ಫಲಿತಾಂಶಕ್ಕೆ ತಡೆಯಾಜ್ಞೆ ಬಂತು. ಗೆದ್ದವರು ತಾವೇ ಅಧ್ಯಕ್ಷರೆಂದರು, ಇವರು ಪ್ರಭಾರ ಇನ್ನೂ ತಮ್ಮದೇ ಎಂದರು. ಕೊನೆಗೆ ಸರಕಾರ ಆಡಳಿತಾಧಿಕಾರಿಯನ್ನು ಕೂರಿಸಿತು. ವಿಚಾರಣೆ ಮುಂದೆ ಮುಂದೆ ಹೋಗಿ, ನಮ್ಮೆಲ್ಲರ ಅವಧಿಯೇ ಮುಗಿಯಿತು. ಕೇಸಿಗೆ ಅರ್ಥ ಉಳಿಯಲಿಲ್ಲ. ಮುಂದಿನ ಸಲ ಅವರ ಪಕ್ಷವೇ ಅವರಿಗೆ ಟಿಕೆಟ್ ಕೊಡಲಿಲ್ಲ.

ಆಮೇಲೆ ಒಂದು ದಿನ ಅಂಗಡಿಗೆ ಹೋಗಿ, ನನ್ನದು ತಪ್ಪಾಯಿತು ಎಂದೆ. ಅವರು ಟ್ಯೂಬಿಗೆ ಗಾಳಿ ಹಾಕುತ್ತಿದ್ದರು.

"ನಿಮ್ಮ ಮ್ಯಾಲ ಸಿಟ್ಟಿಲ್ಲ ಅಕ್ಕಾರ," ಎಂದರು. "ನೀವು ನನಗ ಕೈ ಎತ್ತಿದ್ರೂ ಅವರು ನನ್ನ ಆ ಕುರ್ಚಿ ಮ್ಯಾಲ ಕೂಡಾಕ ಬಿಡತಿರಲಿಲ್ಲ."

ಸಮಾಧಾನಕ್ಕೆಂದೇ ಹೇಳಿದ್ದರು. ನನಗೆ ಸಮಾಧಾನವಾಗಲಿಲ್ಲ. ಅಷ್ಟು ಗೊತ್ತಿದ್ದೂ ನನ್ನ ಮತ ಕೇಳಲು ಯಾಕೆ ಬಂದಿದ್ದಿರಿ ಎಂದು ಕೇಳಬೇಕೆನಿಸಿತು, ಕೇಳಲಿಲ್ಲ. ಈಗ ಪೇಟೆಯಲ್ಲಿ ಎದುರಾದರೆ ಇಬ್ಬರೂ ನಮಸ್ಕಾರ ಮಾಡಿ ಮುಂದೆ ಹೋಗುತ್ತೇವೆ.