ಅವ್ವನ ಸಮುದ್ರಸ್ನಾನ

ಪುಣೆಯಿಂದ ಸಮುದ್ರ ಏನು ಮಹಾ ದೂರ? ಬೆಳಿಗ್ಗೆ ಅವಲಕ್ಕಿ ತಿಂದು ಹೊರಟರೆ ಊಟದ ಹೊತ್ತಿಗೆ ಮುಂಬಯಿ. ಅಷ್ಟು ದೂರ ಅವ್ವನನ್ನು ಕರೆದೊಯ್ಯಲು ನನಗೆ ಮೂವತ್ತು ವರ್ಷ ಹಿಡಿಯಿತು. ಸದಾಶಿವ ಪೇಠೆಯ ನಮ್ಮ ಎರಡು ಕೋಣೆಯ ಮನೆಯಲ್ಲಿ ಪ್ರತಿ ಬೇಸಿಗೆಗೂ ಆಕೆ ಕೇಳುತ್ತಿದ್ದಳು, ನಾನು "ನೋಡೂಣಂತ" ಎನ್ನುತ್ತಿದ್ದೆ. ಮಾತಿಗೇನು, ದುಡ್ಡು ಬೀಳುತ್ತದೆಯೇ?

ಹೋದ ವರ್ಷ ಮಳೆಗಾಲದಲ್ಲಿ ಕಣ್ಣಿನ ಡಾಕ್ಟರು ಅವ್ವನ ಕಣ್ಣಿನ ನರ ಒಣಗುತ್ತಿದೆ ಎಂದರು. ದೀಪಾವಳಿಯ ಹೊತ್ತಿಗೆ ಬೆಳಕು ಯಾವುದು, ಕತ್ತಲೆ ಯಾವುದು ಎಂಬಷ್ಟೇ ತಿಳಿದೀತಂತೆ. ಆಗಲೇ ನಾಲ್ಕು ಮಾರಿನಾಚೆ ಆಕೆಗೆ ಎಲ್ಲ ಮಸುಕು. ರಿಕ್ಷಾದಲ್ಲಿ ನಾನೇ ಕಣ್ಣೊರೆಸಿಕೊಂಡೆ, ಆಕೆ ಅಳಲಿಲ್ಲ.

"ಪೂರಾ ಹೋಗೂದರಾಗ ಒಮ್ಮೆ ಸಮುದ್ರ ನೋಡಿ, ಅದರಾಗ ಸ್ನಾನ ಮಾಡ್ತೀನಪಾ" ಎಂದಳು.

ನಾಳೆಯೇ ಹೊರಡೋಣ ಎಂದೆ. ಆದರೆ ನಮ್ಮ ಮನೆಯಲ್ಲಿ ಪಂಚಾಂಗ ನೋಡದೆ ಉಪ್ಪಿನಕಾಯಿಯ ಭರಣಿಯನ್ನೂ ತೆರೆಯುವವರಿಲ್ಲ. ಅಮಾವಾಸ್ಯೆ, ಹುಣ್ಣಿಮೆಯಂಥ ಪರ್ವದಿನ ಬಿಟ್ಟು ಬೇರೆ ದಿನ ಸಮುದ್ರವನ್ನು ಮುಟ್ಟಬಾರದೆಂದು ಅವ್ವ ತನ್ನ ತಾಯಿಯಿಂದ ಕಲಿತಿದ್ದಳು. ಗಣೇಶ ಚೌತಿಯ ಮುಂಚಿನ ಅಮಾವಾಸ್ಯೆಯನ್ನು ಗೊತ್ತುಮಾಡಿದಳು. ಅಮಾವಾಸ್ಯೆಗೆ ಸಮುದ್ರ ಉಕ್ಕುತ್ತದೆ, ಅದೂ ಮಳೆಗಾಲದಲ್ಲಿ, ಎಂಬುದು ದಂಡೆಯ ಮೀನುಗಾರರ ಕೂಸಿಗೂ ಗೊತ್ತು. ಧಾರವಾಡದ ಕಡೆಯಿಂದ ಬಂದು ಪುಣೆಯ ನಲ್ಲಿಯ ನೀರು ಕುಡಿದ ನಮಗೆ ಯಾರು ಹೇಳಬೇಕು?

ಅಕ್ಕನ ಮನೆ ಮುಂಬಯಿಯ ಒಂದು ಉಪನಗರದಲ್ಲಿ, ಬೀಚಿಗೆ ಹತ್ತು ನಿಮಿಷದ ದಾರಿ. ಅಮಾವಾಸ್ಯೆಯ ದಿನ ನಾವು ಬೀಚಿಗೆ ಹೋದಾಗ ನಡು ಮಧ್ಯಾಹ್ನ. ದಾರಿಗೆ ಹಗ್ಗ ಕಟ್ಟಿ ರೇನ್‌ಕೋಟು ಹಾಕಿದ ಪೊಲೀಸನೊಬ್ಬ ನಿಂತಿದ್ದ. ಭರತಿ ಇದೆ, ಸಮುದ್ರ ಉಕ್ಕಿದೆ, ಇವತ್ತು ಯಾರನ್ನೂ ಬಿಡುವುದಿಲ್ಲ ಎಂದ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ಮರಾಠಿಯಲ್ಲಿ ಒದರಾಡಿದೆ, ಆಮೇಲೆ ಕೈಮುಗಿದೆ. ಅವನು ಅವ್ವನ ಮುಖ ನೋಡಿ "ಆಜೀ, ಉದ್ಯಾ ಸಕಾಳೀ ಯಾ" ಎಂದ. ಅಜ್ಜೀ, ನಾಳೆ ಬೆಳಿಗ್ಗೆ ಬನ್ನಿ. ಅವನೇನೂ ಕೆಟ್ಟವನಲ್ಲ. ಇನ್ನೊಂದು ಬೀಚಿಗೆ ರಿಕ್ಷಾದಲ್ಲಿ ಹೋದೆವು, ಅಲ್ಲೂ ಹಗ್ಗ. ಅವ್ವ ಹಗ್ಗ ಹಿಡಿದುಕೊಂಡು ಸದ್ದು ಕೇಳಿದಳು.

"ಭಾಳ ಸಿಟ್ಟಿನ್ಯಾಗ ಅದ. ನಿನ್ಹಂಗನ" ಎಂದು ನಕ್ಕಳು.

ಮರುದಿನ ಬೆಳಿಗ್ಗೆ ಹಗ್ಗ ಬಿಚ್ಚಿದ್ದರು. ನೀರು ದೂರ ಸರಿದು ದಂಡೆ ಬಯಲಾಗಿತ್ತು. ಜನ ವಾಕಿಂಗ್ ಹೊರಟಿದ್ದರು, ನಾಯಿಗಳೂ ನೀರಿಗಿಳಿದಿದ್ದವು. ಅವ್ವ ಮಾತ್ರ ಒದ್ದೆ ಮರಳಿನ ಅಂಚಿಗೆ ಬಂದು ನಿಂತುಬಿಟ್ಟಳು. ಅಮಾವಾಸ್ಯೆ ಮುಗಿದು ಪಾಡ್ಯ ಬಂದಿತ್ತು.

"ಎಲ್ಲಿ ಅದನೋ? ನನಗ ಬರೇ ಹೊಗಿ ಕಾಣಸ್ತದ."

"ಇನ್ನೊಂದೀಟು ಮುಂದ ಬಾ ಅವ್ವಾ, ಕಾಣಸ್ತದ."

"ತೆರಿ ಬಂದು ಕಾಲಿಗೆ ಹತ್ತಿದರ? ಇವತ್ತ ಮುಟ್ಟಬಾರದು."

ಹತ್ತಿರ ಹೋಗದೆ ಕಾಣುವುದಿಲ್ಲ, ಹೋದರೆ ಮುಟ್ಟುತ್ತದೆ. "ಬೆಂಕಿ ಹಚ್ಚು ನಿನ್ನ ಪಂಚಾಂಗಕ್ಕ!" ಎಂದು ಅಷ್ಟು ಜನರೆದುರು ಕೂಗಿದೆ.

ಅವ್ವ ಸಿಟ್ಟಾಗಲಿಲ್ಲ. "ಹುಟ್ಟಿದಾಗಿಂದ ನಡಿಸ್ಕೊಂಡು ಬಂದೀನಿ. ಕಣ್ಣು ಹೋಗ್ತಾವಂತ ಅದನ್ನೂ ಬಿಡ್ಲೇನು?" ಎಂದಳು.

ಎತ್ತಿಕೊಂಡು ಹೋಗಿಬಿಡಲೇ ಎಂದೂ ಅನಿಸಿತು. ಆಗಲಿಲ್ಲ. ಕೈ ಹಿಡಿದು ವಾಪಸು ಕರೆತಂದೆ.

ಮುಂದಿನ ಹುಣ್ಣಿಮೆಗೆ ಅವ್ವನಿಗೆ ಜ್ವರ. ಅದರ ಮುಂದಿನ ಅಮಾವಾಸ್ಯೆಗೆ ಆಫೀಸಿನಲ್ಲಿ ನನಗೆ ರಜೆ ಸಿಗಲಿಲ್ಲ. ನಿಜ ಹೇಳಬೇಕೆಂದರೆ ನಾನು ಗಟ್ಟಿಯಾಗಿ ಕೇಳಲೂ ಇಲ್ಲ. ಡಾಕ್ಟರು ಹೇಳಿದ್ದು ದೀಪಾವಳಿಗೆ ಮುಂಚೆಯೇ ಆಗಿಹೋಯಿತು.

ಕಾರ್ತಿಕದ ಹುಣ್ಣಿಮೆಗೆ ಹೋದೆವು. ಹಗ್ಗವಿಲ್ಲ, ಪೊಲೀಸನಿಲ್ಲ, ಸಮುದ್ರ ಸಾಧು ಹಸುವಿನ ಹಾಗೆ ಮಲಗಿತ್ತು. ಅಕ್ಕ ಒಂದು ಕಡೆ, ನಾನು ಒಂದು ಕಡೆ ಹಿಡಿದು ಮೊಣಕಾಲುದ್ದ ನೀರಿನಲ್ಲಿ ಅವ್ವನನ್ನು ಕೂಡಿಸಿದೆವು. ಮೂರು ಸಲ ತಲೆಯ ಮೇಲೆ ನೀರು ಸುರಿದುಕೊಂಡಳು. ಬೊಗಸೆಯಲ್ಲಿ ಅರ್ಘ್ಯ ಬಿಟ್ಟಳು. ಆಮೇಲೆ ಮುಖವನ್ನು ಅತ್ತ ಎತ್ತಿ ಕೇಳಿದಳು:

"ಹ್ಯಾಂಗದ ಹೇಳಪಾ?"

ಪೊಲೀಸನಿಗೆ ಅಷ್ಟು ಒದರಿದ ಬಾಯಿ ನನ್ನದು.

"ದೊಡ್ಡದದ ಅವ್ವಾ" ಎಂದೆ.

ನಾನು ಇನ್ನೂ ಹೇಳುತ್ತೇನೆಂದು ಆಕೆ ಮುಖ ಎತ್ತಿಕೊಂಡೇ ಕಾದಳು.